ಬಾನೆಟ್ಟಿನ ಕಿಂಡಿಗೂ ಒಂದು ಕಾರಣ ಬೇಕು

ಕಥೆ, ಕವನ, ನಾಟಕಗಳ ಗುಣದೋಷಗಳನ್ನು ತೂಗಿ ನೋಡುವ ಈ ಪುಟಗಳಲ್ಲಿ ಹಳೆಯ ಜೀಪಿನ ಬಾನೆಟ್ಟಿಗೇನು ಕೆಲಸ ಎಂದು ವಾಚಕರು ಹುಬ್ಬೇರಿಸಬಹುದು. ಮನುಷ್ಯ ಕೈಯಾರೆ ಮಾಡಿದ ಯಾವ ವಸ್ತುವೂ ವಿಮರ್ಶೆಗೆ ಹೊರತಲ್ಲ ಎಂಬುದು ನಮ್ಮ ನಂಬಿಕೆ. ಮೇಲಾಗಿ, ನಾಸಿಕ ಮತ್ತು ಛತ್ರಪತಿ ಸಂಭಾಜಿನಗರದಲ್ಲಿ ನೆಲೆಸಿದ ನಮ್ಮವರಲ್ಲಿ ಅನೇಕರ ಅನ್ನ ತಗಡು, ಅಚ್ಚು, ರಿವೆಟ್ಟುಗಳ ಜೊತೆ ಬೆಸೆದುಕೊಂಡಿದೆ. ಓಝರಿನ ಎಚ್.ಎ.ಎಲ್., ನಾಸಿಕದ ಮಹೀಂದ್ರಾ, ವಾಳೂಜದ ಬಜಾಜ್, ಶೇಂದ್ರಾದ ಸ್ಕೋಡಾ ಇವೆಲ್ಲ ಮನೆಮಾತಿನ ಹೆಸರುಗಳು. ತಗಡಿನ ವಿಮರ್ಶೆ ನಮ್ಮಲ್ಲಿ ಆಗದಿದ್ದರೆ ಇನ್ನೆಲ್ಲಿ ಆಗಬೇಕು?

ಹಳೆಯ ಜೀಪುಗಳ ಬಾನೆಟ್ಟಿನ ಮೇಲೆ ಸಾಲುಸಾಲಾಗಿ ಕಿಂಡಿ ಹೊಡೆಸುವ ಗೀಳು ಈಗ ನಮ್ಮ ತರುಣರನ್ನು ಹಿಡಿದಿದೆ. ಇದಕ್ಕೆ ಲೂವರ್ ಎಂದು ಹೆಸರು. ಬರಿಯ ತೂತಲ್ಲ ಇದು. ತಗಡನ್ನು ಒಂದು ಅಂಚಿನಲ್ಲಿ ಮಾತ್ರ ಸೀಳಿ, ಉಳಿದ ಮೂರು ಬದಿ ಅಂಟಿಕೊಂಡಿರುವಂತೆಯೇ ಸೀಳಿದ ಭಾಗವನ್ನು ಅರೆಗಣ್ಣು ತೆರೆದ ರೆಪ್ಪೆಯ ಹಾಗೆ ಮೇಲೆಬ್ಬಿಸುತ್ತಾರೆ. ತಗಡಿನ ಒಂದು ಚೂರೂ ಕೆಳಗೆ ಬೀಳುವುದಿಲ್ಲ. ಗಂಡಚ್ಚು ಹೆಣ್ಣಚ್ಚುಗಳನ್ನು ಹೂಡಿದ ಒತ್ತುಯಂತ್ರದಲ್ಲಿ ಸೀಳುವ ಕೆಲಸವೂ ಎಬ್ಬಿಸುವ ಕೆಲಸವೂ ಒಂದೇ ಏಟಿಗೆ ಮುಗಿಯುತ್ತವೆ. ಚೆನ್ನಾಗಿ ಹೊಡೆದ ಲೂವರಿನ ಸಾಲು ನೋಡಲು ಸೊಗಸು ಎಂಬುದರಲ್ಲಿ ಸಂದೇಹವಿಲ್ಲ. ಆ ಸೊಗಸಿಗೆ ಆಧಾರವೇನು ಎಂಬುದೇ ನಮ್ಮ ಪ್ರಶ್ನೆ.

ಮೊದಲು ಇದರ ವಂಶಾವಳಿ ನೋಡೋಣ. 1928ರಿಂದ 1931ರ ವರೆಗೆ ತಯಾರಾದ ಫೋರ್ಡ್ ಮಾಡೆಲ್ 'ಎ' ಕಾರಿನ ಬಾನೆಟ್ಟಿನ ಎರಡು ಪಕ್ಕಗಳಲ್ಲಿ ಇಂತಹ ಕಿಂಡಿಗಳ ಸಾಲಿತ್ತು. ಪಕ್ಕದಲ್ಲಿತ್ತು, ನೆತ್ತಿಯ ಮೇಲಲ್ಲ ಎಂಬುದನ್ನು ಗಮನಿಸಬೇಕು. ಬಿಸಿಗಾಳಿ ಹೊರಗೆ ಹೋಗಬೇಕು, ಮಳೆ ನೇರವಾಗಿ ಒಳಗೆ ಬೀಳಬಾರದು ಎಂಬ ಎರಡು ಯೋಚನೆ ಅಲ್ಲಿದ್ದವು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡುಗಳನ್ನು ಬಿಚ್ಚಿ ಕಟ್ಟಿ, ಯೂಟಾದ ಬಾನವಿಲ್ ಎಂಬ ಒಣಗಿದ ಉಪ್ಪಿನ ಬಯಲಿನಲ್ಲಿ ವೇಗದ ಪಂದ್ಯ ಓಡಿಸತೊಡಗಿದರು. ಬಾನೆಟ್ಟಿನ ಕೆಳಗೆ ಸಿಕ್ಕಿಕೊಂಡ ಗಾಳಿಗೆ ಹೊರದಾರಿ ಬೇಕಾಯಿತು, ಕಿಂಡಿಗಳು ನೆತ್ತಿಗೇರಿದವು. ಉಪ್ಪಿನ ಬಯಲು ಒಣಗಿರುವಾಗ ಮಾತ್ರ ಪಂದ್ಯ ನಡೆಯುವುದರಿಂದ ಮಳೆಯ ಚಿಂತೆ ಅವರಿಗಿರಲಿಲ್ಲ. 1961ರಲ್ಲಿ ಬಂದ ಜಾಗ್ವಾರ್ 'ಇ' ಟೈಪ್ ಕಾರಿನ ಉದ್ದನೆಯ ಬಾನೆಟ್ಟಿನ ಮೇಲೆಯೂ ಎಡಬಲಗಳಲ್ಲಿ ಲೂವರುಗಳಿವೆ. ಇವೆಲ್ಲ ವೇಗದ ವಾಹನಗಳು. ಅವುಗಳ ಕಿಂಡಿಗೆ ಕೆಲಸವಿತ್ತು.

ಇನ್ನು ಜೀಪಿಗೆ ಬರೋಣ. ನಮ್ಮ ಮಟ್ಟಿಗೆ ಜೀಪು ಒಳ್ಳೆಯ ಗದ್ಯದಂತಹ ವಸ್ತು. ಬೇಡದ ಒಂದು ಮಾತೂ ಅದರಲ್ಲಿಲ್ಲ. ಯುದ್ಧಕಾಲದ ವಿಲ್ಲಿಸ್ ಜೀಪಿನ ಮೊದಮೊದಲ ಗಾಡಿಗಳಿಗೆ ಮುಂದಿನ ಜಾಲರಿಯನ್ನು ಕಬ್ಬಿಣದ ಪಟ್ಟಿಗಳನ್ನು ಬೆಸೆದು ಮಾಡುತ್ತಿದ್ದರು. ಫೋರ್ಡ್ ಕಂಪೆನಿಯವರು ಒಂದೇ ತಗಡನ್ನು ಅಚ್ಚಿನಲ್ಲಿ ಒತ್ತಿ ಒಂಬತ್ತು ಉದ್ದ ಕಿಂಡಿ ತೆಗೆದರು. ಅದು ಅಗ್ಗ, ಹಗುರ. ವಿಲ್ಲಿಸಿನವರೂ ಅದನ್ನೇ ಹಿಡಿದರು. ಯುದ್ಧ ಮುಗಿದು ನಾಗರಿಕ ಜೀಪು ಬಂದಾಗ ದೊಡ್ಡ ದೀಪಗಳಿಗೆ ಜಾಗ ಬೇಕಾಗಿ ಕಿಂಡಿ ಏಳಾದವು. ಇಂದು ಜಗತ್ತೆಲ್ಲ ಗುರುತು ಹಿಡಿಯುವ ಆ ಮುಖ ಹುಟ್ಟಿದ್ದು ಚೆಲುವಿನ ಯೋಚನೆಯಿಂದಲ್ಲ, ಖರ್ಚಿನ ಯೋಚನೆಯಿಂದ.

ಬಾನೆಟ್ಟಿನ ಕಥೆಯೂ ಹಾಗೆಯೇ. ನಮ್ಮ ದೇಶದ ಹಳ್ಳಿಹಳ್ಳಿಗಳನ್ನು ಕಂಡ ಮಹೀಂದ್ರಾದ ಸಿ.ಜೆ. 3ಬಿ ಜೀಪಿಗೆ ಎತ್ತರವಾದ, ಗಲ್ಲ ಉಬ್ಬಿದಂತೆ ಕಾಣುವ ಬಾನೆಟ್ ಇದೆಯಲ್ಲ, ಅದೇಕೆ ಹಾಗಾಯಿತು? ಹಳೆಯ ವಿಲ್ಲಿಸ್ ಎಂಜಿನ್ನಿನಲ್ಲಿ ಎರಡು ಬಗೆಯ ಕವಾಟಗಳೂ ಕೆಳಗೆ, ಸಿಲಿಂಡರಿನ ಪಕ್ಕದಲ್ಲಿದ್ದವು. ಹೊಸ ಹರಿಕೇನ್ ಎಂಜಿನ್ನಿನಲ್ಲಿ ಒಳಬರುವ ಕವಾಟವನ್ನು ಮೇಲಿನ ತಲೆಗೆ ಏರಿಸಿದರು. ಗಾತ್ರ ಅದೇ 134 ಘನ ಅಂಗುಲ, ಅಂದರೆ ಸುಮಾರು 2.2 ಲೀಟರ್, ಆದರೆ ಎಂಜಿನ್ನು ಎತ್ತರವಾಯಿತು. ಹಳೆಯ ಬಾನೆಟ್ಟಿನ ಕೆಳಗೆ ಹಿಡಿಸಲಿಲ್ಲ. 1953ರಲ್ಲಿ ಬಾನೆಟ್ಟನ್ನು ಎತ್ತರಿಸಿದರು, ಅಷ್ಟೆ. ಅಮೆರಿಕದಲ್ಲಿ ಆ ಮಾದರಿ 1968ಕ್ಕೆ ನಿಂತಿತು. ನಮ್ಮಲ್ಲಿ ಮಹೀಂದ್ರಾದವರು ಅದನ್ನು ಆಮೇಲೂ ಬಹುಕಾಲ ತಯಾರಿಸಿದರು. ಅಲ್ಲಿ ಕುರೂಪಿ ಎಂದು ಕೆಲವರು ನಕ್ಕ ಬಾನೆಟ್ಟೇ ಇಲ್ಲಿ ಜೀಪಿನ ಮುಖವಾಯಿತು. ಕಾರಣವಿದ್ದು ಬಂದ ರೂಪ ಕಣ್ಣಿಗೆ ಒಗ್ಗಿಹೋಗುತ್ತದೆ.

ಈಗ ಪರೀಕ್ಷೆ. ಜೀಪಿನ ಬಾನೆಟ್ಟಿಗೆ ಲೂವರ್ ಹೊಡೆಸಿದವರನ್ನು ಕೇಳಿದರೆ ಸಿದ್ಧ ಉತ್ತರ ಒಂದೇ: "ಎಂಜಿನ್ ತಣ್ಣಗಿರುತ್ತದೆ." ಇದು ಎಷ್ಟು ನಿಜ? ಕಾಲೇಜಿನಲ್ಲಿ ಕಲಿತ ಒಂದಿಷ್ಟು ಭೌತಶಾಸ್ತ್ರ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಓಡುವ ಗಾಡಿಯ ಮೇಲೆ ಗಾಳಿ ಹಾಕುವ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಮೂರು ಪಟ್ಟಾದರೆ ಒತ್ತಡ ಒಂಬತ್ತು ಪಟ್ಟು. ಗಂಟೆಗೆ 60 ಕಿಲೋಮೀಟರಿನಲ್ಲಿ ಈ ಒತ್ತಡ ಸುಮಾರು 17 ಮಿಲಿಮೀಟರ್ ನೀರನ್ನು ಎತ್ತಬಲ್ಲದು. 20 ಕಿಲೋಮೀಟರಿನಲ್ಲಿ 2 ಮಿಲಿಮೀಟರ್ ಸಹ ಇಲ್ಲ. ಬಾನೆಟ್ಟಿನ ಮೇಲೆ ಹರಿಯುವ ಗಾಳಿ ಒಳಗಿನ ಬಿಸಿಗಾಳಿಯನ್ನು ಸೆಳೆಯಬೇಕಾದರೆ ಈ ಒತ್ತಡದ ಒಂದು ಪಾಲೇ ಅದಕ್ಕೆ ಬಂಡವಾಳ.

ಮುಂಬಯಿಯಿಂದ ಇತ್ತ ಬರುವ ವಾಚಕರಿಗೆ ಕಸಾರಾ ಘಾಟ ಗೊತ್ತೇ ಇದೆ. ಬೇಸಿಗೆಯಲ್ಲಿ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳು ಬಾನೆಟ್ ಎತ್ತಿ ರಸ್ತೆಯ ಬದಿಗೆ ನಿಂತು ಹಬೆಯುಗುಳುತ್ತಿದ್ದ ದೃಶ್ಯ ನಮ್ಮ ವಯಸ್ಸಿನವರ ನೆನಪಿನಲ್ಲಿದೆ. ಜೀಪಿನ ಎಂಜಿನ್ ಕಾಯುವುದೂ ಇಂತಹ ಏರಿನಲ್ಲೇ. ಎರಡನೆಯ ಗೇರಿನಲ್ಲಿ ಲಾರಿಯ ಹಿಂದೆ ತೆವಳುವಾಗ. ಆಗ ಗಾಳಿಯ ಸೆಳೆತ ಇಲ್ಲವೆಂದೇ ಹೇಳಬೇಕು. ಯೇವಲಾ, ವೈಜಾಪುರದ ಮಾರ್ಗವಾಗಿ ಸಂಭಾಜಿನಗರಕ್ಕೆ ಹೋಗುವ ಸಮತಟ್ಟಾದ ರಸ್ತೆಯಲ್ಲಿ ಸೆಳೆತ ಉಂಟು, ಆದರೆ ಅಲ್ಲಿ ರೇಡಿಯೇಟರಿಗೂ ಗಾಳಿ ಧಾರಾಳ. ಕಿಂಡಿಯ ಹಂಗು ಬೇಡ. ಬೇಕಾದಲ್ಲಿ ಇಲ್ಲ, ಇದ್ದಲ್ಲಿ ಬೇಡ. ಜೀಪಿನ ಲೂವರಿನ ಮೇಲೆ ನಮ್ಮ ಮುಖ್ಯ ಆಕ್ಷೇಪಣೆ ಇದೇ.

ನ್ಯಾಯವಾಗಿ ಹೇಳುವುದಾದರೆ ಅದರ ಪರವಾಗಿಯೂ ಒಂದು ಮಾತಿದೆ. ಬಿಸಿಗಾಳಿ ತಾನಾಗಿ ಮೇಲೇರುತ್ತದೆ. ಏರು ಹತ್ತಿ ಬಂದು ನಿಲ್ಲಿಸಿದ ಗಾಡಿಯ ಬಾನೆಟ್ಟಿನಡಿ ಕಾವು ಹೆಪ್ಪುಗಟ್ಟಿದಾಗ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಎಂಜಿನ್ ಮತ್ತೆ ಹೊರಡದೆ ಹಟ ಹಿಡಿಯುವುದುಂಟು. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಉಪಾಯ ಹಳೆಯ ಡ್ರೈವರುಗಳಿಗೆಲ್ಲ ಗೊತ್ತು. ಅಂತಹ ಹೊತ್ತಿನಲ್ಲಿ ನೆತ್ತಿಯ ಕಿಂಡಿ ಉಪಕಾರ ಮಾಡುತ್ತದೆ. ಇಷ್ಟು ಒಪ್ಪಿಕೊಂಡೇ ಮುಂದೆ ಹೋಗೋಣ.

ಕಿಂಡಿ ಎಲ್ಲಿ, ಯಾವ ದಿಕ್ಕಿಗೆ ಎಂಬುದು ಇನ್ನೊಂದು ಪ್ರಶ್ನೆ. ಓಡುವಾಗ ಬಾನೆಟ್ಟಿನ ಮೂತಿಯ ಹಿಂದೆ ಗಾಳಿಯ ಒತ್ತಡ ಕಡಿಮೆ. ಗಾಜಿನ ಬುಡದಲ್ಲಿ, ಗಾಳಿ ಎದೆಗೊಟ್ಟು ನಿಲ್ಲುವುದರಿಂದ, ಹೆಚ್ಚು. ಜೀಪಿನ ಗಾಜು ಗೋಡೆಯ ಹಾಗೆ ನೆಟ್ಟಗಿರುವುದರಿಂದ ಇದು ಇನ್ನೂ ನಿಜ. ಹಾಗಾದರೆ ಕಿಂಡಿ ಇರಬೇಕಾದುದು ಮುಂಭಾಗದಲ್ಲಿ, ಬಾಯಿ ಹಿಂದಕ್ಕೆ. ನಾವು ನೋಡಿದ ಗಾಡಿಗಳಲ್ಲಿ ಅನೇಕರು ಗಾಜಿನ ಬುಡದ ವರೆಗೂ ಸಾಲು ಎಳೆದಿದ್ದಾರೆ. ಅಲ್ಲಿ ಬಿಸಿಗಾಳಿ ಹೊರಬರುವ ಬದಲು ಹೊರಗಾಳಿ ಒಳಹೋಗುತ್ತದೆ. ಬಂದರೂ ಎಂಜಿನ್ನಿನ ಹೊಗೆಯ ವಾಸನೆ ಸವಾರರ ಮೂಗಿಗೆ. ಒಂದೆರಡು ಗಾಡಿಗಳಲ್ಲಿ ಕಿಂಡಿಯ ಬಾಯಿ ಮುಂದಕ್ಕಿತ್ತು. ಮರಾಠವಾಡದ ಮೇ ತಿಂಗಳ ಧೂಳನ್ನು ಎಂಜಿನ್ನಿಗೆ ತಿನ್ನಿಸಲು ಇದಕ್ಕಿಂತ ಒಳ್ಳೆಯ ಏರ್ಪಾಡು ಇರಲಾರದು.

ನಮ್ಮ ಪರಿಚಯದ ಒಂದು ಮನೆಯ ಸಂಗತಿ ಹೇಳಬೇಕು. ವಿಜಯಪುರದ ಕಡೆಯಿಂದ ನಾಸಿಕಕ್ಕೆ ಬಂದು ಗುತ್ತಿಗೆ ಕೆಲಸ ಮಾಡಿ ಸಂಸಾರ ಕಟ್ಟಿದ ಹಿರಿಯರೊಬ್ಬರ ಪೆಟ್ರೋಲ್ ಜೀಪು ಅದು, 1968ರ ಸಿ.ಜೆ. 3ಬಿ. ಅವರು ತೀರಿಕೊಂಡ ಮೇಲೆ ಮೊಮ್ಮಗ ಅದನ್ನು ಅಕ್ಕರೆಯಿಂದ ರಿಪೇರಿ ಮಾಡಿಸಿದ. ಅಕ್ಕರೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಎಂಜಿನ್ ಕಾಯುತ್ತದೆಂದು ಬಾನೆಟ್ಟಿಗೆ ಎರಡು ಸಾಲಿನಲ್ಲಿ 28 ಕಿಂಡಿ ಹೊಡೆಸಿದ. ಒತ್ತುಯಂತ್ರದಲ್ಲಲ್ಲ, ಉಳಿಯಿಂದ ಸೀಳಿ, ಸುತ್ತಿಗೆಯಿಂದ ಬಡಿದು. ಮೊದಲ ಮಳೆಗಾಲದಲ್ಲಿ ಇಗತಪುರಿಯ ಮಳೆ ನೆಟ್ಟಗೆ ಡಿಸ್ಟ್ರಿಬ್ಯೂಟರಿನ ಮೇಲೆ ಸುರಿದು ಗಾಡಿ ನಡುದಾರಿಯಲ್ಲಿ ನಿಂತಿತು. ಎರಡನೆಯ ಮಳೆಗಾಲಕ್ಕೆ ಸೀಳಿನ ಅಂಚುಗಳಲ್ಲಿ ತುಕ್ಕು. ಮೂಲೆಗಳಿಂದ ಕೂದಲೆಳೆಯಂತಹ ಬಿರುಕು. ಎಂಜಿನ್ ಮಾತ್ರ ಕಾಯುತ್ತಲೇ ಇತ್ತು. ಕೊನೆಗೆ ರೇಡಿಯೇಟರ್ ಬಿಚ್ಚಿ ನೋಡಿದರೆ ಗಡಸು ನೀರಿನ ಸುಣ್ಣ ಕಟ್ಟಿ ಅರ್ಧಕ್ಕರ್ಧ ಕೊಳವೆಗಳು ಮುಚ್ಚಿಹೋಗಿದ್ದವು! ರೋಗ ಹೊಟ್ಟೆಯಲ್ಲಿ, ಗಾಯ ಹಣೆಯ ಮೇಲೆ.

ಆ ಮನೆಯ ಅಜ್ಜಿ ಅಂದ ಮಾತು ನಮಗೆ ನೆನಪಿದೆ: "ಅವರಿದ್ದಾಗ ಇದು ಬಿಸಿ ಆಗತಿದ್ದಿಲ್ಲೇನೋ ತಮ್ಮಾ? ಆಗತಿತ್ತು. ಘಾಟಿನಾಗ ನಿಂದ್ರಿಸಿ, ನೀರು ಹಾಕಿ, ನಾವೂ ಚಾ ಕುಡದು ಹೋಗತಿದ್ವಿ. ಅದರ ತಲೀಗೆ ಯಾರೂ ಉಳಿ ಹಚ್ಚಿರಲಿಲ್ಲ."

ಈ ವಿಷಯವನ್ನು ಓಝರಿನಲ್ಲಿ ತಗಡಿನ ಕೆಲಸ ಮಾಡಿ ನಿವೃತ್ತರಾದ ಧಾರವಾಡದ ಕಡೆಯ ಹಿರಿಯರೊಬ್ಬರ ಮುಂದೆ ಇಟ್ಟೆವು. 1964ರಲ್ಲಿ ಮಿಗ್ ವಿಮಾನಗಳಿಗಾಗಿ ಹುಟ್ಟಿದ ಕಾರ್ಖಾನೆ ಅದು. ಅಲ್ಲಿ ತಯಾರಾದ ಮಿಗ್-21ರ ವಂಶ ವಾಯುಪಡೆಯಿಂದ ಬೀಳ್ಕೊಂಡದ್ದು 2025ರಲ್ಲಿ. ಅವರು ನಕ್ಕು ಅಂದರು: "ವಿಮಾನದಾಗ ಒಂದು ತೂತು ಹೊಡೀಬೇಕಂದ್ರ ಅದಕ್ಕ ಡ್ರಾಯಿಂಗ್ ಬೇಕ್ರಿ, ಮ್ಯಾಲಿನವರ ಸಹಿ ಬೇಕ್ರಿ. ಜೀಪಿಗೇನು, ಕೇಳವರು ಯಾರು?" ಮುಂದುವರಿದು ಕಸುಬಿನ ಕೆಲವು ಗುಟ್ಟುಗಳನ್ನೂ ತಿಳಿಸಿದರು. ಸೀಳಿನ ಎರಡು ತುದಿಗಳನ್ನು ಚೂಪಾಗಿ ಬಿಡಬಾರದು. ಅಲ್ಲಿಂದಲೇ ಬಿರುಕು ಹೊರಡುವುದು. ಒಂದೊಂದು ಏಟಿಗೂ ತಗಡು ಸ್ವಲ್ಪ ಹಿಗ್ಗುವುದರಿಂದ ಒಂದೇ ಕಡೆಯಿಂದ ಹೊಡೆಯುತ್ತಾ ಹೋದರೆ ಬಾನೆಟ್ ಹಪ್ಪಳದಂತೆ ಸೊಟ್ಟಗಾಗುತ್ತದೆ. ಕೆಳಗಿನ ಆಧಾರದ ಪಟ್ಟಿಗಳನ್ನು ಕತ್ತರಿಸಿ ಜಾಗ ಮಾಡಿಕೊಂಡರೆ ಗಟ್ಟಿತನವೇ ಹೋಯಿತು. ಬಣ್ಣ ಬಳಿಯುವವನ ಕೈ ಕಿಂಡಿಯ ಒಳಗಿನ ಅಂಚಿಗೆ ಮುಟ್ಟದಿದ್ದರೆ ತುಕ್ಕು ಖಂಡಿತ. ಕಿಂಡಿಯ ಕೆಳಗೆ ನೀರು ಹಿಡಿದು ಪಕ್ಕಕ್ಕೆ ಹರಿಸುವ ತಗಡಿನ ತಟ್ಟೆ ಇರಲೇಬೇಕು.

ಕಿಂಡಿಯ ಮೇಲೆ ನಮಗೇನು ಹಗೆತನವೇ ಎಂದು ಯಾರಾದರೂ ಕೇಳಿದರೆ, ಸಂಭಾಜಿನಗರಕ್ಕೇ ಹೋಗಿ ನೋಡಿ ಎನ್ನುತ್ತೇವೆ. ಅಲ್ಲಿಯ ಬೀಬಿ ಕಾ ಮಕ್ಬರಾದ ಅಮೃತಶಿಲೆಯ ಜಾಲಂಧ್ರಗಳ ಮುಂದೆ ನಿಂತರೆ ಬೆಳಕು ಸೋಸಿ ಬರುತ್ತದೆ, ಗಾಳಿ ಆಡುತ್ತದೆ, ಒಳಗಿನ ಸಮಾಧಿಗೆ ಮರೆಯೂ ಇದೆ. ಔರಂಗಜೇಬನ ಮಗ ಆಝಮ್ ಶಾಹ 17ನೆಯ ಶತಮಾನದಲ್ಲಿ ತಾಯಿಯ ನೆನಪಿಗೆ ಕಟ್ಟಿಸಿದ್ದು ಅದು. ಅಲ್ಲಿ ಕಿಂಡಿ ಕೆಲಸವನ್ನೂ ಮಾಡುತ್ತದೆ, ಚೆಲುವನ್ನೂ ಕೊಡುತ್ತದೆ. ಅದೇ ಊರಿನ ಹತ್ತಿರದ ವಾಳೂಜದಲ್ಲಿ 1985ರಲ್ಲಿ, ಹದಿನಾರೇ ತಿಂಗಳಿನಲ್ಲಿ ಎದ್ದುನಿಂತ ಬಜಾಜ್ ಕಾರ್ಖಾನೆಯ ಆಟೊ ರಿಕ್ಷಾಗಳ ಹಿಂಭಾಗವನ್ನೂ ನೋಡಿರಿ. ಎಂಜಿನ್ ಹಿಂದೆ ಕೂತು, ಎದುರುಗಾಳಿ ನೇರವಾಗಿ ಸಿಗದ ಗಾಡಿಗೆ ಗಾಳಿಯಾಡಲು ದಾರಿ ಬೇಕೇ ಬೇಕು. ಅಲ್ಲಿಯ ಕಿಂಡಿಯ ಮೇಲೆ ಯಾರೂ ಕವಿತೆ ಬರೆಯುವುದಿಲ್ಲ, ಆದರೆ ಅದು ತನ್ನ ಸಂಬಳಕ್ಕೆ ತಕ್ಕ ದುಡಿಮೆ ಮಾಡುತ್ತದೆ.

ಸಂಭಾಜಿನಗರದಿಂದ ಒಂದು ಗಂಟೆಯ ದಾರಿಯೂ ಇಲ್ಲದ ಎಲ್ಲೋರಕ್ಕೆ ಹೋದರೆ ಇನ್ನೊಂದು ಪಾಠವಿದೆ. ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ, 8ನೆಯ ಶತಮಾನದ ಕೈಲಾಸ ದೇವಾಲಯವನ್ನು ಕಲ್ಲು ಪೇರಿಸಿ ಕಟ್ಟಿದ್ದಲ್ಲ, ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕೊರೆದು ತೆಗೆದದ್ದು. ತೆಗೆದ ಕಲ್ಲನ್ನು ಮರಳಿ ಇಡುವಂತಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಉಳಿ ಎತ್ತುವ ಮೊದಲೇ ಗೊತ್ತಿರಬೇಕಿತ್ತು. ಬಾನೆಟ್ಟಿನದೂ ಚಿಕ್ಕ ಪ್ರಮಾಣದಲ್ಲಿ ಅದೇ ಮಾತು. ಬಣ್ಣ ಬದಲಿಸಿದರೆ ಮತ್ತೆ ಬಳಿಯಬಹುದು, ಸೀಟು ಬದಲಿಸಿದರೆ ಮತ್ತೆ ಹೊಲಿಸಬಹುದು. ಸೀಳಿದ ತಗಡು ಮೊದಲಿನಂತಾಗದು.

ಇದರಲ್ಲಿ ಕಾಯಿದೆಯ ಮಾತೂ ಸೇರಿದೆ. ಸರಕಾರಿ ಕಾಗದಪತ್ರಗಳ ನಡುವೆ ದಿನ ಕಳೆಯುವ ನಾವು ಅದನ್ನು ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸಕೂಡದೆನ್ನುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ನಾಲ್ಕು ಕಿಂಡಿಗಳಿಂದ ನೋಂದಣಿ ಪತ್ರದ ಯಾವ ವಿವರ ಬದಲಾಯಿತೆಂದು ವಾದಿಸಬಹುದು, ಇರಲಿ. ಆದರೆ 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮ ಹೆಚ್ಚು ಬಿಗಿಯಾದದ್ದು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿ ಕಾಪಾಡಿಕೊಂಡ, ಚಾಸಿ, ಬಾಡಿ ಶೆಲ್, ಎಂಜಿನ್‌ಗಳಲ್ಲಿ ಮಾರ್ಪಾಡು ಕಾಣದ ದ್ವಿಚಕ್ರ, ಚತುಶ್ಚಕ್ರ ವಾಹನಗಳಿಗೆ ಮಾತ್ರ ಆ ಮನ್ನಣೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಸಂಖ್ಯಾಫಲಕದಲ್ಲಿ 'ವಿಎ' ಎಂಬ ಅಕ್ಷರಗಳು. ಹತ್ತು ವರ್ಷಗಳ ಅವಧಿ. ಗಾಡಿಯನ್ನು ಪರೀಕ್ಷಿಸಿ ತೀರ್ಪು ಹೇಳಲು ರಾಜ್ಯಮಟ್ಟದ ಸಮಿತಿ ಉಂಟು. 28 ಕಿಂಡಿಯ ಬಾನೆಟ್ಟನ್ನು ಮೂಲರೂಪವೆಂದು ಆ ಸಮಿತಿಯ ಮುಂದೆ ಸಾಧಿಸಬೇಕಾದ ಸಂಕಟವನ್ನು ಅಜ್ಜನ ಜೀಪಿಗೆ ತಂದಿಡುವುದು ಜಾಣತನವೇ?

ಹಾಗಾದರೆ ಮಾಡಬೇಕಾದುದೇನು? ಮೊದಲು ರೋಗ ಹುಡುಕಬೇಕು. ರೇಡಿಯೇಟರ್ ಬಿಚ್ಚಿ ತೊಳೆಸಿರಿ. ಫ್ಯಾನ್ ಬೆಲ್ಟ್ ಸಡಿಲವಿದೆಯೇ ನೋಡಿರಿ. ಫ್ಯಾನಿನ ಸುತ್ತಲಿನ ತಗಡಿನ ಕವಚವನ್ನು ಯಾರೋ ಕಿತ್ತೆಸೆದಿದ್ದರೆ ಮರಳಿ ಹಾಕಿಸಿರಿ. ಕಿಡಿಯ ಹೊತ್ತು ಹಿಂದೆ ಬಿದ್ದಿದ್ದರೂ ಎಂಜಿನ್ ಕಾಯುತ್ತದೆ. ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಗತಪುರಿಯ ಎತ್ತರದಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ; ಏಳು ಪೌಂಡು ಒತ್ತಡ ತಡೆಯುವ ಸರಿಯಾದ ಮುಚ್ಚಳವಿದ್ದರೆ ಕುದಿಬಿಂದು ಹನ್ನೊಂದು ಹನ್ನೆರಡು ಡಿಗ್ರಿ ಮೇಲೇರುತ್ತದೆ. ಅಡುಗೆಮನೆಯ ಕುಕ್ಕರಿನ ತತ್ತ್ವವೇ ಇದು. ರಬ್ಬರು ಹೋದ ಮುಚ್ಚಳ ಇಟ್ಟುಕೊಂಡು ಬಾನೆಟ್ ಸೀಳಿಸುವವರನ್ನು ನೋಡಿದಾಗ ಮೂಗಿಗಿಂತ ಮೂಗುತಿ ಭಾರ ಎನ್ನದೆ ವಿಧಿಯಿಲ್ಲ.

ಇಷ್ಟೆಲ್ಲ ಆದ ಮೇಲೂ ಲೂವರ್ ಬೇಕೇ ಬೇಕೆನಿಸಿದರೆ ಅದಕ್ಕೂ ದಾರಿ ಇದೆ. ಜೀಪಿನ ಬಾನೆಟ್ ಕೆಲವೇ ಬೋಲ್ಟುಗಳಿಗೆ ಕಳಚಿ ಬರುವಂಥದು. ಹರಿಯಾಣದ ಮಂಡಿ ಡಬ್ವಾಲಿಯಂತಹ ಊರುಗಳಲ್ಲಿ ಜೀಪು ಕಟ್ಟುವುದೇ ಕಸುಬು. ಹಳೆಯ ಅಳತೆಯ ಬೇರೆ ಬಾನೆಟ್ ತರಿಸಿಕೊಳ್ಳುವುದು ಕಷ್ಟವಲ್ಲ. ಅದಕ್ಕೆ ಬೇಕಾದಷ್ಟು ಕಿಂಡಿ ಹೊಡೆಸಿರಿ. ಕಾರ್ಖಾನೆಯಿಂದ ಬಂದ ಮೂಲ ಬಾನೆಟ್ಟಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ ಅಟ್ಟದ ಮೇಲಿಡಿರಿ. ಕಿಂಡಿ ಹೊಡೆಸುವ ಮೊದಲು 'ಯು' ಆಕಾರದ ಪಾರದರ್ಶಕ ನಳಿಕೆಯಲ್ಲಿ ಬಣ್ಣದ ನೀರು ತುಂಬಿ, ಒಂದು ಬಾಯನ್ನು ಬಾನೆಟ್ಟಿನ ಒಳಗೂ ಇನ್ನೊಂದನ್ನು ಮೇಲ್ಮೈಗೂ ಸೇರಿಸಿ ಗಾಡಿ ಓಡಿಸಿದರೆ ಎಲ್ಲಿ ಸೆಳೆತವಿದೆ, ಎಲ್ಲಿ ಇಲ್ಲ ಎಂಬುದನ್ನು ನೀರೇ ಹೇಳುತ್ತದೆ. ಹೈಸ್ಕೂಲು ಓದುವ ಮಕ್ಕಳಿಗೆ ಒಳ್ಳೆಯ ಪ್ರಯೋಗವೂ ಆಯಿತು.

ಹೊಸ ಗಾಡಿಗಳ ಮೇಲೆ ಪ್ಲಾಸ್ಟಿಕ್ಕಿನ ಸುಳ್ಳು ಕಿಂಡಿ ಅಂಟಿಸುವವರ ಬಗ್ಗೆ ಬರೆಯಲಿಲ್ಲವೇಕೆ ಎಂದು ಯಾರಾದರೂ ಕೇಳಬಹುದು. ಅದು ನಾಟಕದ ಮೀಸೆಯ ಹಾಗೆ. ಕಿತ್ತರೆ ಹೋಗುತ್ತದೆ, ಕೆಳಗಿನ ಮುಖಕ್ಕೆ ಹಾನಿಯಿಲ್ಲ. ನಮ್ಮ ಜಗಳ ಉಳಿಯ ಜೊತೆಗೆ.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯ ಇಷ್ಟು. ಲೂವರ್ ಒಂದು ಒಳ್ಳೆಯ ಕಲೆ. ಜೀಪಿನ ಹಳೆಯ ಬಾನೆಟ್ ಅದಕ್ಕೆ ತಕ್ಕ ಜಾಗವಲ್ಲ. ಆ ಬಾನೆಟ್ ಎತ್ತರವಾದದ್ದಕ್ಕೆ ಕಾರಣವಿತ್ತು, ಮುಖದ ಏಳು ಕಿಂಡಿಗೆ ಕಾರಣವಿತ್ತು. ಎಂಟನೆಯ ಕಿಂಡಿ ತೆಗೆಯುವವರು ಅಷ್ಟೇ ಗಟ್ಟಿಯಾದ ಕಾರಣ ತರಬೇಕು. ಮಳೆಗಾಲಕ್ಕೆ ಇನ್ನೂ ಸಮಯವಿದೆ. ಜೀಪಿರುವ ವಾಚಕರು ಮೊದಲು ರೇಡಿಯೇಟರಿನ ಮುಚ್ಚಳದ ರಬ್ಬರನ್ನು ಬೆರಳಿನಿಂದ ಒತ್ತಿ ನೋಡಲಿ.